ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 14,000 ಕಿ.ಮೀ.: ಅಪ್ಪ ಅಮ್ಮನಿಗೆ ಯಾವ ದಾರಿ ಒಳ್ಳೆಯದು?

ಶಿವಮೊಗ್ಗದ ಹುಡುಗಿ

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಮೊದಲ ಸಲ ನಮ್ಮ ಮನೆಗೆ ಬರುತ್ತಿದ್ದಾರೆ. ನಾವಿರುವುದು ಸ್ಯಾನ್ ಹೋಸೆ ಹತ್ತಿರ. ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯಬೇಕು. ಅಪ್ಪನಿಗೆ ಎಪ್ಪತ್ತು ದಾಟಿದೆ, ಬಿಪಿ ಇದೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿ ನೋವು. ಇಬ್ಬರಿಗೂ ಇಂಗ್ಲಿಷ್ ಓದಲು ಬರುತ್ತದೆ, ಮಾತಾಡಲು ಮಾತ್ರ ಹಿಂಜರಿಕೆ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ದಿನಾ ಫೋನಿನಲ್ಲಿ ಒಂದೇ ಪ್ರಶ್ನೆ. ದೂರ 14,000 ಕಿ.ಮೀ., ವಿಮಾನದ ವೇಗ ಗಂಟೆಗೆ 900 ಕಿ.ಮೀ., ಅಂದ ಮೇಲೆ ಹದಿನೈದೂವರೆ ಗಂಟೆ ಆಗಬೇಕು. ಟಿಕೆಟ್ ಸೈಟಿನಲ್ಲಿ ನೇರ ವಿಮಾನಕ್ಕೇ 16 ಗಂಟೆ, ವಾಪಸ್ ಬರಲು 17ಕ್ಕಿಂತ ಜಾಸ್ತಿ ಅಂತ ಯಾಕೆ ತೋರಿಸುತ್ತಿದೆ? ಒಂದು ಕಡೆ ಇಳಿದು ಹತ್ತುವ ಟಿಕೆಟ್‌ಗಳು 20 ಗಂಟೆಯಿಂದ 30 ಗಂಟೆವರೆಗೂ ಇವೆ. ಹೋಗುವಾಗ ಹೊರಟ ದಿನವೇ ತಲುಪುತ್ತೇವಂತೆ, ಬರುವಾಗ ಎರಡು ದಿನ ಹೋಗುತ್ತದಂತೆ. ಅಪ್ಪನಿಗೆ ಸುಮ್ನೆ ಏನೋ ಒಂದು ಹೇಳಿದರೆ ಒಪ್ಪುವುದಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ನಿವೃತ್ತ ಡಿಸ್ಪ್ಯಾಚರ್

ಮೇಡಂ, ವಿಮಾನ ಹೊರಡುವ ಮೊದಲು ಅದರ ದಾರಿ ಮತ್ತು ಇಂಧನದ ಲೆಕ್ಕ ಹಾಕುವ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ನಿಮ್ಮ ತಂದೆಯವರ ಭಾಗಾಕಾರ ಸರಿಯಾಗಿಯೇ ಇದೆ. ಅದರಲ್ಲಿ ಗಾಳಿ ಸೇರಿಲ್ಲ, ಅಷ್ಟೇ.

900 ಕಿ.ಮೀ. ಎನ್ನುವುದು ಗಾಳಿಯೊಳಗೆ ವಿಮಾನದ ವೇಗ. ಆ ಗಾಳಿಯೇ ವಿಮಾನ ಹೋಗುವ ದಿಕ್ಕಿಗೆ ಗಂಟೆಗೆ 100 ಕಿ.ಮೀ. ಬೀಸುತ್ತಿದ್ದರೆ ನೆಲದ ಲೆಕ್ಕದಲ್ಲಿ ವೇಗ 1,000 ಆಗುತ್ತದೆ. ಎದುರಿಗೆ ಬೀಸಿದರೆ 800. ಅದೇ 14,000 ಕಿ.ಮೀ.ಗೆ ಒಂದು ಕಡೆ 14 ಗಂಟೆ, ಇನ್ನೊಂದು ಕಡೆ ಹದಿನೇಳೂವರೆ ಗಂಟೆ. ಮೂರೂವರೆ ಗಂಟೆಯ ವ್ಯತ್ಯಾಸ ಬರೀ ಗಾಳಿಯಿಂದ ಬಂತು. ವಿಮಾನಗಳು ಹಾರುವ 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಲವಾದ ಗಾಳಿ ಇದೆ. ಚಳಿಗಾಲದಲ್ಲಿ ಅದು ಜೋರು. ಜಪಾನ್ ಸುತ್ತಮುತ್ತ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು.

ಇನ್ನೊಂದು ವಿಷಯ. ಟಿಕೆಟ್‌ನಲ್ಲಿ ಬರೆಯುವುದು ಹಾರುವ ಸಮಯವನ್ನಲ್ಲ, ಬ್ಲಾಕ್ ಟೈಮನ್ನು. ಅಂದರೆ ಗೇಟಿನಿಂದ ಹಿಂದಕ್ಕೆ ಸರಿದ ಕ್ಷಣದಿಂದ ಅಲ್ಲಿನ ಗೇಟಿನಲ್ಲಿ ನಿಲ್ಲುವವರೆಗೆ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ಏರುವಾಗ ಇಳಿಯುವಾಗ ನಿಧಾನವಾಗುವುದು ಎಲ್ಲ ಅದರಲ್ಲಿ ಸೇರುತ್ತದೆ.

ಹಾಸನದ ಹವ್ಯಾಸಿ

ಸರ್, ಭೂಪಟದಲ್ಲಿ ನೋಡಿದರೆ ಬೆಂಗಳೂರಿನಿಂದ ನೇರ ಪೂರ್ವಕ್ಕೆ ಗೆರೆ ಎಳೆದು ಪೆಸಿಫಿಕ್ ದಾಟಿದರೆ ಆಯಿತು. ಮತ್ತೆ ಕೆಲವರು ಉತ್ತರ ಧ್ರುವದ ಮೇಲೆ ಹೋಗುತ್ತದೆ ಅನ್ನುತ್ತಾರೆ. ಅಷ್ಟು ಸುತ್ತು ಯಾಕೆ?

ನಿವೃತ್ತ ಡಿಸ್ಪ್ಯಾಚರ್

ಸುತ್ತು ಅನ್ನಿಸುವುದು ಚಪ್ಪಟೆ ಭೂಪಟದಿಂದ. ಮನೆಯಲ್ಲಿ ಗ್ಲೋಬ್ ಇದ್ದರೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಜಾರುತ್ತದೆ. ನೇಪಾಳ, ಟಿಬೆಟ್, ಚೀನಾ, ಸೈಬೀರಿಯಾ, ಆಮೇಲೆ ಅಲಾಸ್ಕಾ ಕಡೆಯಿಂದ ಕೆಳಕ್ಕೆ. ಅತಿ ಮೇಲೆ ಹೋದಾಗ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟುತ್ತದೆ. 14,000 ಕಿ.ಮೀ. ಅಂತ ಎಲ್ಲ ಕಡೆ ಬರೆದಿರುವುದು ಈ ದಾರದ ಉದ್ದ.

ಈ ದಾರದ ಮೇಲೇ ವಿಮಾನ ಹೋಗುವುದು ಕಷ್ಟ. ಮುಖ್ಯ ತಡೆ ಟಿಬೆಟ್. ಕ್ಯಾಬಿನ್ನಿನ ಗಾಳಿಯ ಒತ್ತಡ ಹೋದರೆ ವಿಮಾನ ಬೇಗ 10,000 ಅಡಿಗೆ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ ಹನ್ನೆರಡು ಹದಿನೈದು ನಿಮಿಷಕ್ಕೆ ಮಾತ್ರ ಸಾಕು. ಟಿಬೆಟ್‌ನಲ್ಲಿ ನೆಲವೇ 14,000 ಅಡಿಗಿಂತ ಮೇಲಿದೆ, ಇಳಿಯುವುದೆಲ್ಲಿಗೆ? ಅದಕ್ಕೇ ಬಂಗಾಳ ಕೊಲ್ಲಿ, ಮ್ಯಾನ್ಮಾರ್ ಕಡೆಯಿಂದ ಬಳಸಿ ಹೋಗುತ್ತಾರೆ.

ಅಲ್ಲಿಂದ ಮುಂದೆ ಆ ದಿನದ ಗಾಳಿ ನೋಡಿ ದಾರಿ ಆರಿಸುವುದು. ಟೋಕಿಯೊ ಮೇಲಿಂದ ಪೆಸಿಫಿಕ್ ದಾಟಿದರೆ ಸುಮಾರು 14,930 ಕಿ.ಮೀ. ದಾರದ ಉದ್ದಕ್ಕಿಂತ 900 ಕಿ.ಮೀ. ಜಾಸ್ತಿ. ಆದರೆ ಜೆಟ್ ಸ್ಟ್ರೀಮ್ ಹಿಂದಿನಿಂದ ತಳ್ಳಿದರೆ ಉದ್ದದ ದಾರಿಯೇ ಬೇಗ ಮುಗಿಯುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತದೆ. ಆಗ ಉತ್ತರಕ್ಕೆ ಹೋಗಿ ಅದನ್ನು ತಪ್ಪಿಸುವುದೇ ಲಾಭ. ಸರಿಯಾಗಿ ಧ್ರುವದ ಮೇಲೇ ಹೋದರೂ ದೂರ ಜಾಸ್ತಿಯಾಗುವುದು ಮುನ್ನೂರ ಐವತ್ತು, ನಾಲ್ಕು ನೂರು ಕಿ.ಮೀ. ಅಷ್ಟೇ. ಮೇಷ್ಟ್ರು ಇದನ್ನು ಕಾಗದದ ಮೇಲೆ ಹಾಕಿ ನೋಡಬಹುದು. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ.

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿದ್ದು ಧ್ರುವದ ದಾರಿಯಲ್ಲೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಣ್ಣುಮಕ್ಕಳು. ಬೋಯಿಂಗ್ 777-200ಎಲ್‌ಆರ್ ವಿಮಾನ ಜನವರಿ 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಆ ದಿನ ನೆನೆದರೆ ಈ ಕೆಲಸದಲ್ಲಿದ್ದ ನಮಗೆಲ್ಲ ಈಗಲೂ ಹೆಮ್ಮೆ.

ಫ್ರೀಮಾಂಟ್ ಅಕ್ಕ

ತಂಗೀ, ಗಡಿಯಾರದ ಲೆಕ್ಕ ನಾನು ಹೇಳುತ್ತೇನೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮ್ಮೂರಿಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಇಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೆ ಹಾಕುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಹಾಕುತ್ತಾರೆ.

ಈಗ ಜೂನ್‌ನಲ್ಲಿ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟರು ಅಂದುಕೋ. ಹದಿನಾರೂವರೆ ಗಂಟೆ ಕಳೆದರೆ ಊರಿನಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಅದರಲ್ಲಿ ಹನ್ನೆರಡೂವರೆ ಕಳೆ. ಇಲ್ಲಿ ಹೊರಟ ದಿನದ ಸಂಜೆ 6 ಗಂಟೆ. ವಾಪಸ್ ಹೋಗುವಾಗ ಶನಿವಾರ ರಾತ್ರಿ 9ಕ್ಕೆ ಹೊರಟರೆ ಊರಿನಲ್ಲಿ ಆಗಲೇ ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಹದಿನೇಳೂವರೆ ಗಂಟೆ ಸೇರಿಸಿದರೆ ಸೋಮವಾರ ಬೆಳಗಿನ ಜಾವ 3. ಅವರನ್ನು ಕರೆದುಕೊಂಡು ಹೋಗಲು ಏರ್‌ಪೋರ್ಟಿಗೆ ಬರುವವರಿಗೆ ಇದನ್ನು ಚೆನ್ನಾಗಿ ಹೇಳಿಬಿಡು. ಭಾನುವಾರ ರಾತ್ರಿಯೇ ಶಿವಮೊಗ್ಗದಿಂದ ಕಾರು ಹೊರಡಬೇಕು.

ಮೊದಲ ವಾರ ಅವರಿಗೆ ಹಗಲು ನಿದ್ದೆ, ರಾತ್ರಿ ಎಚ್ಚರ. ಗಾಬರಿ ಬೇಡ. ಬೆಳಿಗ್ಗೆ ಬಿಸಿಲಲ್ಲಿ ಸ್ವಲ್ಪ ನಡೆಸು, ಮಧ್ಯಾಹ್ನ ಒಂದು ಗಂಟೆಗಿಂತ ಜಾಸ್ತಿ ಮಲಗಲು ಬಿಡಬೇಡ. ರಾತ್ರಿ ಎರಡಕ್ಕೆ ಹಸಿವಾಗುತ್ತದೆ. ಒಂದಿಷ್ಟು ಅವಲಕ್ಕಿ, ಮೊಸರನ್ನ ಮಾಡಿಟ್ಟಿರು.

ಉಡುಪಿ ಟು ದುಬೈ

ನಾನು ದುಬೈ ದಾರಿ ಹೇಳುತ್ತೇನೆ. ಬೆಂಗಳೂರಿನಿಂದ ನಾಲ್ಕು ಗಂಟೆ, ವಿಮಾನಗಳು ಬೇಕಾದಷ್ಟು. ಏರ್‌ಪೋರ್ಟ್ ಸಿಬ್ಬಂದಿಯಲ್ಲಿ ಹಿಂದಿ, ಮಲಯಾಳಂ ಮಾತಾಡುವವರು ಸಿಗುತ್ತಾರೆ, ಕೆಲವೊಮ್ಮೆ ತುಳುವೂ ಕಿವಿಗೆ ಬೀಳುತ್ತದೆ. ಭಾಷೆಯ ಭಯ ಇರುವವರಿಗೆ ಅದು ದೊಡ್ಡ ಧೈರ್ಯ. ಅಬುಧಾಬಿಯಿಂದ ಹೋದರೆ ಇನ್ನೊಂದು ಅನುಕೂಲ. ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ, ಅಮೆರಿಕದಲ್ಲಿ ಇಳಿದ ಮೇಲೆ ಮತ್ತೆ ಆ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಫ್ರೀಮಾಂಟ್ ಅಕ್ಕ

ಭಾಷೆಯ ವಿಷಯ ಒಪ್ಪುತ್ತೇನೆ ಅಣ್ಣ. ಆದರೆ ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,000 ಕಿ.ಮೀ. ಇದೆ. ನಾಲ್ಕು ಗಂಟೆ ಕೂತು, ಇಳಿದು, ಕಾದು, ಮತ್ತೆ ಹದಿನಾರು ಗಂಟೆ ಕೂರಬೇಕು. ಮಂಡಿ ನೋವಿನವರಿಗೆ ಅದರಿಂದ ಏನು ಬಿಡುವು ಸಿಕ್ಕಿತು? ನೇರ ವಿಮಾನದಲ್ಲಿ ಕೂರುವಷ್ಟೇ ಕೂತು, ಮೇಲೆ ಇನ್ನೊಂದು ವಿಮಾನವೂ ಸೇರಿತು. ದುಬೈ ಆಗಲಿ ಸಿಂಗಾಪುರ ಆಗಲಿ ಪ್ರಯಾಣವನ್ನು ಅರ್ಧಕ್ಕೆ ಮುರಿಯುವುದಿಲ್ಲ. ಸಿಂಗಾಪುರದಿಂದ ಇನ್ನೂ ಜಾಸ್ತಿ, 13,600 ಕಿ.ಮೀ. ಹತ್ತಿರ.

ವಯಸ್ಸಾದವರಿಗೆ ಟಿಕೆಟ್ ಮಾಡುವಾಗ ಒಟ್ಟು ಎಷ್ಟು ಗಂಟೆ ಅಂತ ನೋಡುವ ಮೊದಲು ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರಬೇಕು ಅಂತ ನೋಡಬೇಕು. ನಮ್ಮ ಅತ್ತೆ ಮಾವನನ್ನು ಕರೆಸಿಕೊಂಡಾಗಲೂ ಇದನ್ನೇ ನೋಡಿದೆವು. ಫ್ರಾಂಕ್‌ಫರ್ಟ್ ದಾರಿಯಲ್ಲಿ 7,400 ಮತ್ತು 9,150 ಕಿ.ಮೀ. ಸುಮಾರು ಹತ್ತು ಗಂಟೆ, ಹನ್ನೊಂದೂವರೆ ಗಂಟೆ. ಒಟ್ಟು ದೂರ ಹದಿನಾರೂವರೆ ಸಾವಿರ ಕಿ.ಮೀ. ಆಗುತ್ತದೆ, ಸಮಯವೂ ಜಾಸ್ತಿ. ಆದರೂ ಮಧ್ಯೆ ಇಳಿದು ಕಾಲು ಚಾಚಿ, ಮುಖ ತೊಳೆದು, ಬಿಸಿ ಕಾಫಿ ಕುಡಿಯಬಹುದು.

ನಿವೃತ್ತ ಡಿಸ್ಪ್ಯಾಚರ್

ಅರ್ಧಕ್ಕೆ ಮುರಿಯಬೇಕು ಅಂದರೆ ಪೂರ್ವದ ದಾರಿ ನೋಡಿ. ಜಪಾನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನಿಂದ ನೇರ ಟೋಕಿಯೊದ ನರಿತಾ ಏರ್‌ಪೋರ್ಟಿಗೆ ಹೋಗುತ್ತದೆ. 6,700 ಕಿ.ಮೀ., ಸುಮಾರು ಎಂಟು ಗಂಟೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 8,200 ಕಿ.ಮೀ., ಒಂಬತ್ತೂವರೆ ಗಂಟೆ. ಎರಡೂ ಸಲ ಗಾಳಿ ನಿಮ್ಮ ಬೆನ್ನಿಗಿದೆ. ವಾಪಸ್ ಬರುವಾಗ ಅದೇ ದಾರಿಗೆ ಒಂದೊಂದು ಹಂತದಲ್ಲೂ ಒಂದೂವರೆ ಗಂಟೆಯಷ್ಟು ಜಾಸ್ತಿ ಹಿಡಿಯುತ್ತದೆ. ಹಾಂಗ್‌ಕಾಂಗ್ ದಾರಿಯೂ ದೂರದ ಲೆಕ್ಕದಲ್ಲಿ ಚೆನ್ನಾಗಿದೆ, ಒಟ್ಟು ಹದಿನೈದು ಸಾವಿರ ಕಿ.ಮೀ. ಆಸುಪಾಸು.

ಟೋಕಿಯೊದಲ್ಲಿ ನರಿತಾ, ಹನೇಡಾ ಅಂತ ಎರಡು ಏರ್‌ಪೋರ್ಟ್ ಇವೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹತ್ತುವ ಟಿಕೆಟ್ ಸ್ವಲ್ಪ ಅಗ್ಗಕ್ಕೆ ಸಿಕ್ಕರೂ ತೆಗೆದುಕೊಳ್ಳಬೇಡಿ. ಹೊರಗೆ ಬರಲು ಜಪಾನ್ ವೀಸಾ ಬೇಕು. ಒಳಗೇ ಇದ್ದು ಮುಂದಿನ ವಿಮಾನ ಹತ್ತುವವರಿಗೆ ಬೇಡ.

ಧಾರವಾಡದವ

ನೇರ ವಿಮಾನ ಇದ್ದರೆ ಅದೇ ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಪರಿಚಿತ ಏರ್‌ಪೋರ್ಟಿನಲ್ಲಿ ಗೇಟ್ ಬದಲಾದರೆ ವಯಸ್ಸಾದವರು ಎಷ್ಟು ಗಾಬರಿ ಆಗುತ್ತಾರೆ ಅಂತ ನಾನು ನಮ್ಮವ್ವನ ಜೊತೆ ಹೋದಾಗ ಕಂಡಿದ್ದೇನೆ. ಹದಿನಾರು ಗಂಟೆ ಕಷ್ಟವೇ, ಆದರೆ ಹತ್ತಿದ ಸೀಟಿನಿಂದ ಮಗಳ ಮನೆಗೇ ಬಂದ ಹಾಗೆ. ಗಂಟೆಗೊಮ್ಮೆ ಎದ್ದು ಓಡಾಡಿದರೆ ಮಂಡಿಗೂ ತೊಂದರೆ ಇಲ್ಲ. ಅಕ್ಕನ ಮಾತಿಗೆ ಗೌರವ ಕೊಟ್ಟೇ ಹೇಳುತ್ತಿದ್ದೇನೆ, ಮಧ್ಯೆ ಇಳಿಯುವುದು ಎಲ್ಲರಿಗೂ ವಿಶ್ರಾಂತಿ ಅಲ್ಲ. ಕೆಲವರಿಗೆ ಅದೇ ದೊಡ್ಡ ಆಯಾಸ.

ನಿವೃತ್ತ ಡಿಸ್ಪ್ಯಾಚರ್

ಧಾರವಾಡದವರ ಮಾತಿನಲ್ಲೂ ಹುರುಳಿದೆ. ಆದರೆ ಬೆಂಗಳೂರಿನ ನೇರ ವಿಮಾನವನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ. 2021ರಲ್ಲಿ ಶುರುವಾಗಿ, ನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಬಂತು. ಅಮೆರಿಕದ ಎರಡು ಕಂಪನಿಗಳು ತಮ್ಮ ದೇಶದಿಂದ ಬೆಂಗಳೂರಿಗೆ ನೇರ ಹಾರುವುದಾಗಿ ಪ್ರಕಟಿಸಿದ್ದವು, ಆ ವಿಮಾನಗಳು ಹೊರಡಲೇ ಇಲ್ಲ. 2022ರ ಫೆಬ್ರವರಿಯ ನಂತರ ರಷ್ಯಾದ ಆಕಾಶ ಅಮೆರಿಕದ ಕಂಪನಿಗಳಿಗೆ ಮುಚ್ಚಿದೆ. ಇಷ್ಟು ಉದ್ದದ ದಾರಿಯಲ್ಲಿ ಒಂದು ದೇಶದ ಆಕಾಶ ತಪ್ಪಿಸಬೇಕಾದರೂ ಇಂಧನ ಸಾಲದೆ ಬರುತ್ತದೆ, ಇಲ್ಲವೇ ಕೆಲವು ಸೀಟು ಖಾಲಿ ಬಿಟ್ಟು ಹಾರಬೇಕಾಗುತ್ತದೆ. ದೆಹಲಿ ಮೂಲಕ ಬರುವ ಯೋಚನೆ ಇದ್ದರೆ ಇನ್ನೊಂದನ್ನು ಗಮನದಲ್ಲಿಡಿ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಆಮೇಲೆ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು.

ಟಿಕೆಟ್ ಮಾಡುವ ದಿನ ನಾನ್‌ಸ್ಟಾಪ್ ಅಂತ ಸ್ಪಷ್ಟವಾಗಿ ಇದೆಯಾ ನೋಡಿ. ಬರೀ ಡೈರೆಕ್ಟ್ ಅಂತಿದ್ದರೆ ಸಾಲದು. ಒಂದೇ ಫ್ಲೈಟ್ ನಂಬರಿನಲ್ಲಿ ಮಧ್ಯೆ ಎಲ್ಲೋ ಇಳಿದು ಹೋಗುವುದಕ್ಕೂ ಡೈರೆಕ್ಟ್ ಅಂತಲೇ ಹೇಳುತ್ತಾರೆ.

ಉಡುಪಿ ಟು ದುಬೈ

ನಮ್ಮ ಕಡೆಯೂ ಈ ತೊಂದರೆ ಇಲ್ಲದಿಲ್ಲ. 2025ರ ಜೂನ್ 23ರಂದು ಕತಾರ್ ಆಕಾಶ ಕೆಲವು ಗಂಟೆ ಮುಚ್ಚಿದಾಗ ಎಷ್ಟೋ ಜನ ಅಲ್ಲಲ್ಲೇ ಸಿಕ್ಕಿಕೊಂಡರು. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇದ್ದವರನ್ನು ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಮಾಡಿಕೊಂಡವರಿಗೆ ಆ ಆಸರೆ ಇಲ್ಲ. ಹಣ ಉಳಿಯುತ್ತದೆ ಅಂತ ಅಪ್ಪ ಅಮ್ಮನಿಗೆ ಎರಡು ಟಿಕೆಟ್ ಕೂಡಿಸಿ ಮಾಡಬೇಡಿ.

ಶಿವಮೊಗ್ಗದ ಹುಡುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅಮ್ಮನದು ಬೇರೆಯೇ ಚಿಂತೆ. ಅಷ್ಟು ಹೊತ್ತು ಸಮುದ್ರದ ಮೇಲೆ ಹೋಗುವಾಗ ಒಂದು ಇಂಜಿನ್ ನಿಂತರೆ ಏನು ಗತಿ ಅಂತ. ಏನು ಹೇಳಲಿ?

ನಿವೃತ್ತ ಡಿಸ್ಪ್ಯಾಚರ್

ಅಮ್ಮನವರ ಚಿಂತೆ ಸಹಜ. ಅವರಿಗೆ ಹೀಗೆ ಹೇಳಿ. ಎರಡು ಇಂಜಿನ್ ವಿಮಾನ ಒಂದೇ ಇಂಜಿನ್‌ನಲ್ಲಿ ಗಂಟೆಗಟ್ಟಲೆ ಹಾರಬಲ್ಲದು. ಸಮುದ್ರದ ಮೇಲೆ ಹೋಗುವಾಗಲೂ, ಒಂದೇ ಇಂಜಿನ್‌ನಲ್ಲಿ ಇಂತಿಷ್ಟು ನಿಮಿಷದೊಳಗೆ ತಲುಪಬಹುದಾದ ಏರ್‌ಪೋರ್ಟ್ ಇರುವ ದಾರಿಯನ್ನೇ ನಾವು ಹಾಕಬೇಕು. ಇದಕ್ಕೆ ಇಟಾಪ್ಸ್ ನಿಯಮ ಅನ್ನುತ್ತೇವೆ. ಪೆಸಿಫಿಕ್ ದಾಟುವಾಗ ಅಲಾಸ್ಕಾದ ಕೋಲ್ಡ್ ಬೇ, ನಡುಗಡಲಿನ ಮಿಡ್‌ವೇ ದ್ವೀಪದಂಥ ಜಾಗಗಳು ಆ ಪಟ್ಟಿಯಲ್ಲಿ ಇರುತ್ತವೆ. ಹೊರಡುವ ಮೊದಲೇ ಅಲ್ಲಿನ ಹವಾಮಾನ ನೋಡಿರುತ್ತೇವೆ.

2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾದ 777 ವಿಮಾನದ ಒಂದು ಇಂಜಿನ್‌ನಲ್ಲಿ ದೋಷ ಕಂಡಿತು. ಪೈಲಟ್‌ಗಳು ರಷ್ಯಾದ ಮಗದಾನ್‌ನಲ್ಲಿ ಇಳಿಸಿದರು. 216 ಪ್ರಯಾಣಿಕರು, 16 ಸಿಬ್ಬಂದಿ, ಎಲ್ಲರೂ ಸುರಕ್ಷಿತ. ಬೇರೆ ವಿಮಾನ ಹೋಗಿ ಅವರನ್ನು ಕರೆದುಕೊಂಡು ಬಂತು. ಆ ಚಿಕ್ಕ ಊರಿನಲ್ಲಿ ಜನ ಕಷ್ಟಪಟ್ಟರು, ನಿಜ. ಆದರೆ ಇಳಿಯಲು ಜಾಗ ಇತ್ತು. ಇರುವ ಹಾಗೆ ದಾರಿ ಹಾಕಿರುತ್ತಾರೆ.

ದಾವಣಗೆರೆ ಡಾಕ್ಟರ್

ನಾಲ್ಕು ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ತಾಯಿಯವರಿಗೆ ಓಡಾಡುವ ಕಡೆಯ ಸೀಟು ಕೊಡಿಸಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ. ಶೌಚಾಲಯಕ್ಕೆ ಏಳಬೇಕಾಗುತ್ತದೆ ಅಂತ ನೀರು ಕುಡಿಯದೆ ಇರುವ ಅಭ್ಯಾಸ ನಮ್ಮ ಹೆಂಗಸರಲ್ಲಿ ಇದೆ. ವಿಮಾನದ ಒಳಗಿನ ಗಾಳಿ ತುಂಬಾ ಒಣ, ಹಾಗೆ ಮಾಡಲೇಬಾರದು. ಒತ್ತುವ ಸಾಕ್ಸ್ ಬೇಕೇ ಬೇಡವೇ ಎನ್ನುವುದನ್ನು ಅವರ ವೈದ್ಯರು ಕಾಲು ನೋಡಿ ಹೇಳಲಿ.

ಸಕ್ಕರೆ ಕಾಯಿಲೆಯ ಮಾತ್ರೆ ಊಟದ ಜೊತೆ ಹೋಗುವಂಥದ್ದಾದರೆ ಗೊಂದಲ ಕಡಿಮೆ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಹಗಲು ರಾತ್ರಿ ಅದಲುಬದಲು ಆಗುವುದರಿಂದ ಯಾವ ಹೊತ್ತಿಗೆ ಎಷ್ಟು ಅಂತ ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಕೆಳಗಿನ ಲಗೇಜಿಗೆ ಹಾಕಿದರೆ ಚಳಿಗೆ ಕೆಡಬಹುದು. ಎಲ್ಲ ಔಷಧಿಗೂ ಇಂಗ್ಲಿಷ್‌ನಲ್ಲಿ ಬರೆದ ಚೀಟಿ ಜೊತೆಗಿರಲಿ.

ಇಬ್ಬರಿಗೂ ವೀಲ್‌ಚೇರ್ ಕೇಳಿ. ನಡೆಯಲು ಬರುತ್ತದೆ, ಯಾಕೆ ಅಂತ ಸಂಕೋಚ ಪಡುತ್ತಾರೆ. ನಡೆಯಲು ಬಂದರೂ ದೊಡ್ಡ ಏರ್‌ಪೋರ್ಟಿನ ದೂರಕ್ಕೆ ಮಂಡಿ ತಡೆಯುವುದಿಲ್ಲ. ಜೊತೆಗೆ, ತಳ್ಳಿಕೊಂಡು ಹೋಗುವವರೇ ಸರಿಯಾದ ಗೇಟಿಗೆ ಮುಟ್ಟಿಸುತ್ತಾರೆ. ಧಾರವಾಡದವರು ಹೇಳಿದ ಗಾಬರಿಗೂ ಇದೇ ಮದ್ದು. 48 ಗಂಟೆ ಮೊದಲೇ ಕಂಪನಿಗೆ ತಿಳಿಸಿ.

ತಿಪಟೂರು ತೋಟ

ಅಮ್ಮ ಸಾಮಾನು ಕಟ್ಟುವಾಗ ಕೊಬ್ಬರಿ ಹಾಕದಂತೆ ನೋಡಿಕೊಳ್ಳಿ. ಎಣ್ಣೆ ಅಂಶದಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತುಗಳ ಸಾಲಿನಲ್ಲಿ ಅದಿದೆ, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದ್ರವ ಪದಾರ್ಥ 100 ಮಿ.ಲೀ. ದಾಟಬಾರದು ಎಂಬ ನಿಯಮಕ್ಕೆ ಸಿಕ್ಕಿಬೀಳುತ್ತವೆ.

ಶಿವಮೊಗ್ಗದ ಹುಡುಗಿ

ಇದು ಅಪ್ಪ ಹೇಳಿ ಬರೆಸಿದ್ದು, ಹಾಗೆಯೇ ಹಾಕುತ್ತಿದ್ದೇನೆ:

ಮಾನ್ಯರೇ, ಬೆಂಗಳೂರಿನ ಏರ್‌ಪೋರ್ಟ್ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಅಲ್ಲಿಯದು 37.6 ಉತ್ತರ, 122.4 ಪಶ್ಚಿಮ. ಗೋಳದ ತ್ರಿಕೋನಮಿತಿಯಿಂದ ನಡುವಿನ ಕೋನ 125.8 ಡಿಗ್ರಿ ಬಂತು. 111.2ರಿಂದ ಗುಣಿಸಿದರೆ 13,989 ಕಿ.ಮೀ. ಧ್ರುವದ ಮೇಲಿನ ದಾರಿ 52.4 ಕೂಡಿಸು 76.8, ಒಟ್ಟು 129.2 ಡಿಗ್ರಿ, ಅಂದರೆ 14,367 ಕಿ.ಮೀ. ನೀವು ಹೇಳಿದ ವ್ಯತ್ಯಾಸ ಸರಿಯಾಗಿದೆ. ಜಪಾನಿನ ದಾರಿಯನ್ನೇ ಆರಿಸಿದ್ದೇವೆ. ಒಂದು ಪ್ರಶ್ನೆ ಉಳಿದಿದೆ. ಹೋಗುವಾಗ ಮಧ್ಯೆ ಕಾಯುವ ಸಮಯ ಒಂದೂವರೆ ಗಂಟೆಯದು, ಐದು ಗಂಟೆಯದು ಎರಡು ಟಿಕೆಟ್ ಇವೆ. ಯಾವುದು?

ನಿವೃತ್ತ ಡಿಸ್ಪ್ಯಾಚರ್

ಮೇಷ್ಟ್ರೇ, ನಿಮ್ಮ ಲೆಕ್ಕ ನೋಡಿ ಬಹಳ ಸಂತೋಷವಾಯಿತು. ಐದು ಗಂಟೆಯದು ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಮುಂಜಾನೆ ಮಂಜು ಇದ್ದರೆ, ಅಥವಾ ಆ ದಿನ ಹಿಂದಿನ ಗಾಳಿ ದುರ್ಬಲವಾಗಿದ್ದರೆ, ಮೊದಲ ವಿಮಾನ ಮುಕ್ಕಾಲು ಗಂಟೆ ತಡವಾಗುವುದು ದೊಡ್ಡ ವಿಷಯವಲ್ಲ. ವೀಲ್‌ಚೇರ್ ಕೇಳಿದವರನ್ನು ಸಾಮಾನ್ಯವಾಗಿ ಕೊನೆಗೆ ಇಳಿಸುತ್ತಾರೆ, ಅಲ್ಲಿ ಇನ್ನರ್ಧ ಗಂಟೆ. ನರಿತಾದಲ್ಲಿ ಮತ್ತೊಮ್ಮೆ ಸೆಕ್ಯೂರಿಟಿ ತಪಾಸಣೆಯೂ ಇರುತ್ತದೆ. ಒಂದೂವರೆ ಗಂಟೆಯಲ್ಲಿ ಉಳಿಯುವುದೇನೂ ಇಲ್ಲ. ಐದು ಗಂಟೆ ಇದ್ದರೆ ಇಬ್ಬರೂ ನಿಧಾನವಾಗಿ ಊಟ ಮುಗಿಸಿ, ಮಾತ್ರೆ ತೆಗೆದುಕೊಂಡು, ಗೇಟಿನ ಹತ್ತಿರ ಕೂತಿರಬಹುದು. ಲಗೇಜ್ ಬೆಂಗಳೂರಿನಲ್ಲೇ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಟ್ಯಾಗ್ ಹಾಕಿಸಿ. ಟ್ಯಾಗಿನಲ್ಲಿ ಎಸ್‌ಎಫ್‌ಒ ಅಂತ ಇದೆಯಾ ಅಂತ ಕೌಂಟರಿನಲ್ಲೇ ಓದಿ ನೋಡಿ.